ಸಾಗರದ ಸೀಮೆಯ ಚೀನಿಕಾಯಿ

ಮಲೆನಾಡಿನ ಸಾಗರದ ಸೀಮೆಗೆ ಹೋದವರು ಸಾಮಾನ್ಯವಾಗಿ ಮೂರು ಸ್ಥಳಗಳನ್ನು ನೋಡಿ ಹಿಂದಿರುಗುವರು. ಜೋಗದಲ್ಲಿ ಶರಾವತಿಯು ಧುಮುಕುವುದನ್ನು ನೋಡುವರು. ಇಕ್ಕೇರಿಯಲ್ಲಿ ಅಘೋರೇಶ್ವರನ ಎದುರಿಗೆ ಮಂಟಪದಲ್ಲಿ ಮಲಗಿರುವ ದೊಡ್ಡ ಬಸವನನ್ನು ನೋಡುವರು. ಕೆಳದಿಯ ದೇವಾಲಯದ ಒಳಮಾಡಿನಲ್ಲಿ ಕೆತ್ತಿರುವ ಗಂಡಭೇರುಂಡವನ್ನು ಕತ್ತೆತ್ತಿ ನೋಡಿ, ಸಂಜೆಯ ಬಸ್ಸನ್ನು ಹಿಡಿಯುವರು. ಕಳೆದ ಆಶ್ವಯುಜದಲ್ಲಿ ನಾವು ಆ ಸೀಮೆಯಲ್ಲಿ ಹದಿನೈದು ದಿನಗಳಿದ್ದು ಈ ಮೂರನ್ನೂ ಕಂಡೆವು. ಆದರೆ ಅವುಗಳ ವರ್ಣನೆಯನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾವು ಹೇಳಹೊರಟಿರುವುದು ಅಲ್ಲಿಯ ಒಂದು ಬೇಲಿಯ ಮೇಲೆ ಹಬ್ಬಿದ್ದ ಚೀನಿಕಾಯಿಯ ಬಳ್ಳಿಯನ್ನೂ ಅದರ ಸುತ್ತ ಕುಳಿತು ಕಲಿಯುತ್ತಿದ್ದ ಹನ್ನೊಂದು ಮಂದಿ ಮಕ್ಕಳನ್ನೂ ಕುರಿತು. ಇದೇನು ಪ್ರವಾಸಲೇಖನಕ್ಕೆ ತಕ್ಕ ವಿಷಯವೇ ಎಂದು ಕೆಲವರಿಗೆ ನಗು ಬಂದೀತು. ಮನೆಯಲ್ಲಿ ಮೂರರಿಂದ ಆರು ವರ್ಷದೊಳಗಿನ ಮಗುವುಳ್ಳ ವಾಚಕರು ಮಾತ್ರ ನಗದೆ ಓದಿಯಾರೆಂದು ನಂಬಿದ್ದೇವೆ.

ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರಾತ್ರಿಯ ರೈಲಿನಲ್ಲಿ ಹೊರಟೆವು. ಶಿವಮೊಗ್ಗದಿಂದ ಮುಂದಕ್ಕೆ ಒಂದು ಕಾಲದಲ್ಲಿ ಸಣ್ಣ ಹಳಿಯ ಮೇಲೆ ರೈಲುಬಸ್ಸು ಓಡುತ್ತಿದ್ದಿತು. ೨೦೧೧ರ ವೇಳೆಗೆ ತಾಳಗುಪ್ಪದವರೆಗೂ ದೊಡ್ಡ ಹಳಿ ಬಂದಿತು. ಬೆಳಗಾಗುವಾಗ ಕಿಟಕಿಯ ಹೊರಗೆ ಮಂಜು, ಅಡಕೆಯ ತೋಟ, ತೆನೆ ಕಟ್ಟಿದ ಗದ್ದೆ, ಮತ್ತೆ ಮಂಜು. ಸಾಗರದ ನಿಲ್ದಾಣದಲ್ಲಿ ನಮ್ಮ ಹಳೆಯ ಸಹೋದ್ಯೋಗಿಗಳೊಬ್ಬರು ಕಾದಿದ್ದರು. ಅವರು ನಿವೃತ್ತರಾದ ಮೇಲೆ ಕೆಳದಿಯ ಕಡೆಯ ತಮ್ಮ ಊರಿಗೆ ಹಿಂದಿರುಗಿ, ತಂದೆಯ ಕಾಲದ ಎರಡು ಎಕರೆ ತೋಟವನ್ನು ನೋಡಿಕೊಂಡಿದ್ದಾರೆ. ಭೂಮಿಹುಣ್ಣಿಮೆಗೆ ಬಂದು ದೀಪಾವಳಿಯವರೆಗೂ ಇರಬೇಕೆಂದು ಅವರು ಮೂರು ವರ್ಷಗಳಿಂದ ಬರೆಯುತ್ತಿದ್ದರು.

ನಮ್ಮೊಂದಿಗೆ ನಮ್ಮ ಗೃಹಿಣಿಯೂ ಮಗಳ ಮಗನೂ ಇದ್ದರು. ಹುಡುಗನಿಗೆ ಐದು ತುಂಬಲು ಮೂರು ತಿಂಗಳಿದ್ದುವು. ಬೆಂಗಳೂರಿನಲ್ಲಿ ಅವನು ಹೋಗುವ ಶಿಶುವಿಹಾರದವರು ದಸರೆಯ ರಜಕ್ಕೆ ಮುಂಚೆ, ಮಗುವು ಎಣಿಕೆಯಲ್ಲಿ ಹಿಂದೆ ಬಿದ್ದಿದೆಯೆಂದು ತಾಯಿಗೆ ಬರೆದು ಕಳುಹಿಸಿದ್ದರು. ಇದರಿಂದ ನಮ್ಮ ಮಗಳು ಬಹಳ ನೊಂದಿದ್ದಳು. ಮೂರು ಸಾವಿರ ರೂಪಾಯಿಗೂ ಮಿಕ್ಕಿ ಬೆಲೆಯ ಅಂಕಿಗಳ ಆಟಿಕೆಯ ಪೆಟ್ಟಿಗೆಯೊಂದನ್ನು ತರಿಸಿ, “ಅಪ್ಪ, ದಿನಾ ಒಂದು ಗಂಟೆ ಇದನ್ನು ಹೇಳಿಕೊಡಿ” ಎಂದು ನಮ್ಮ ಕೈಚೀಲದಲ್ಲಿ ಇಟ್ಟಿದ್ದಳು. ರೈಲಿನಲ್ಲಿ ನಾವು ಹುಡುಗನನ್ನು ಮಾತನಾಡಿಸಿ ನೋಡಿದೆವು. ಅವನು ಒಂದರಿಂದ ನೂರರವರೆಗೆ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಎಲ್ಲಿಯೂ ತಡೆಯದೆ ಹೇಳಿದನು. ಆದರೆ ಅಜ್ಜಿಯು ಕಡಲೆಕಾಯಿಯ ಪೊಟ್ಟಣವನ್ನು ಬಿಚ್ಚಿ, “ಪುಟ್ಟಾ, ತಾತನಿಗೆ ಏಳು ಕಾಯಿ ಕೊಡು” ಎಂದಾಗ ಒಂದು ಹಿಡಿ ತೆಗೆದು ಕೊಟ್ಟನು. “ಇದು ಎಷ್ಟು?” ಎಂದರೆ, ಬೆರಳು ಒಂದು ಕಾಯಿಯ ಮೇಲಿರುವಾಗಲೇ ಬಾಯಿ ಹದಿನಾಲ್ಕಕ್ಕೆ ಹೋಗಿದ್ದಿತು.

ನಾವು ಬಾಯಿಪಾಠವನ್ನು ಹಳಿಯುವವರಲ್ಲ. ಶಬ್ದ ಧಾತುಗಳನ್ನೂ ಅಮರವನ್ನೂ ಅರ್ಥ ತಿಳಿಯುವ ಮುನ್ನವೇ ಬಾಯಿಗೆ ಹಾಕಿಕೊಂಡವರು ನಾವು. ಅದರ ಫಲವನ್ನು ಈ ವಯಸ್ಸಿನಲ್ಲಿಯೂ ಉಣ್ಣುತ್ತಿದ್ದೇವೆ. ಆದರೆ ಸಂಖ್ಯೆಯ ವಿಷಯವು ಬೇರೆ. “ಏಳು” ಎಂಬುದು ಆರರ ಮುಂದಿನ ಮಾತು ಎಂದು ನಾಲಗೆಗೆ ತಿಳಿದರೆ ಸಾಲದು. ಈ ಗುಂಪಿನಲ್ಲಿರುವ ಒಟ್ಟೂ ಏಳು, ಕಡೆಯದೊಂದೇ ಏಳಲ್ಲ, ಎಂದು ಕೈಗೆ ತಿಳಿಯಬೇಕು. ಅದು ಕೈಯಿಂದಲೇ ತಿಳಿಯಬೇಕಾದ ಸಂಗತಿ.

ಊರು ಸೇರಿದ ಮರುದಿನವೇ ಭೂಮಿಹುಣ್ಣಿಮೆ. ಬಯಲುಸೀಮೆಯ ಉತ್ತರಭಾಗದಲ್ಲಿ ಇದನ್ನು ಶೀಗಿಹುಣ್ಣಿಮೆ ಎನ್ನುವರು. ಬತ್ತದ ಗದ್ದೆಯು ಹೊಡೆ ಒಡೆದು ಗರ್ಭಿಣಿಯಂತಿರುವ ಕಾಲವಾದುದರಿಂದ ಭೂಮಿಗೆ ಬಯಕೆಯ ಊಟವನ್ನು ಬಡಿಸುವ ಹಬ್ಬವಿದು. ನೆರೆಮನೆಯ ದೀವರ ಹೆಣ್ಣುಮಕ್ಕಳು ಹಲವು ದಿನಗಳ ಮುಂಚಿನಿಂದ ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿಯ ನಾರಿನ ಕುಂಚದಲ್ಲಿ ಚಿತ್ತಾರ ಬರೆದಿದ್ದರು. ಇದೇ ಭೂಮಣ್ಣಿ ಬುಟ್ಟಿ. ರಾತ್ರಿಯೆಲ್ಲ ಅಡುಗೆ, ಬೆಳಕು ಹರಿಯುವ ಮುನ್ನ ಗಂಡಸರು ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ದೀಪ ಹಿಡಿದು ಗದ್ದೆಯತ್ತ ನಡೆದರು. ನಾವೂ ಹುಡುಗನ ಕೈ ಹಿಡಿದು ಹಿಂದೆ ಹೋದೆವು. ಹಲವು ಬಗೆಯ ಸೊಪ್ಪನ್ನು ಬೆರೆಸಿದ ಅಂಬಲಿಯನ್ನು ಗದ್ದೆಗೆ ಎರಚಿ, ಒಂದು ಎಡೆಯನ್ನು ಮಣ್ಣಿನಲ್ಲಿ ಹೂಳಿ, ಉಳಿದುದನ್ನು ಅಲ್ಲಿಯೇ ಕುಳಿತು ಮನೆಮಂದಿಯೆಲ್ಲ ಉಂಡರು. ನಮ್ಮ ಎಲೆಗೆ ಬಿದ್ದುದು ಚೀನಿಕಾಯಿಯ ಕಡುಬು. ಹುಡುಗನು ಎರಡು ತಿಂದು, ಇದು ಯಾವುದರಿಂದ ಮಾಡಿದುದು ಎಂದು ಕೇಳಿದನು. ಅವನು ಅದುವರೆಗೆ ಇಡಿಯ ಚೀನಿಕಾಯಿಯನ್ನು ನೋಡಿರಲಿಲ್ಲ. ಪಟ್ಟಣದ ಅಂಗಡಿಯಲ್ಲಿ ಅದನ್ನು ಹೋಳು ಮಾಡಿ ತೆಳು ಹಾಳೆಯಲ್ಲಿ ಸುತ್ತಿಟ್ಟಿರುವರಷ್ಟೆ.

ಚೀನಿಕಾಯಿ ಎಂದು ಮಲೆನಾಡಿನವರು ಕರೆಯುವುದನ್ನು ನಮ್ಮ ಮೈಸೂರಿನ ಕಡೆ ಸಿಹಿಗುಂಬಳವೆಂದೂ ತುಳುನಾಡಿನಲ್ಲಿ ಕೆಂಬುಡೆಯೆಂದೂ ಹೇಳುವರು. ಹೆಸರಿನಲ್ಲಿ ಚೀನವಿದ್ದರೂ ಅದರ ತವರು ಅಮೆರಿಕಾ ಖಂಡ. ಮೆಕ್ಸಿಕೋ ದೇಶದ ಗುಹೆಯೊಂದರಲ್ಲಿ ಸುಮಾರು ಹತ್ತು ಸಾವಿರ ವರ್ಷಗಳ ಹಿಂದಿನ ಈ ಜಾತಿಯ ಬೀಜಗಳು ಸಿಕ್ಕಿವೆ. ೧೪೯೨ರಲ್ಲಿ ಕೊಲಂಬಸನು ಆ ಕಡಲನ್ನು ದಾಟಿದ ಮೇಲೆಯೇ ಅದು ಹಡಗುಗಳಲ್ಲಿ ನಮ್ಮತ್ತ ಬಂದುದು. ಸಂಸ್ಕೃತದ ಕೂಷ್ಮಾಂಡವು ಇದಲ್ಲ. ಅದು ನಮ್ಮ ಪ್ರಾಚೀನವಾದ ಬೂದುಗುಂಬಳ. ಅಮರಸಿಂಹನು ಅದಕ್ಕೆ ಕರ್ಕಾರುವೆಂಬ ಇನ್ನೊಂದು ಹೆಸರನ್ನೂ ಕೊಟ್ಟಿರುವನು. ಒಂದು ಹಿತ್ತಿಲಿನ ಬೇಲಿಯಲ್ಲಿ ಈ ದೇಶದ್ದೂ ಆ ದೇಶದ್ದೂ ಒಂದರ ಮೇಲೊಂದು ಹಬ್ಬಿಕೊಂಡು ಅಣ್ಣತಮ್ಮಂದಿರಂತೆ ಕಾಯಿ ಬಿಡುತ್ತವೆ.

ಹಬ್ಬದ ಮೂರನೆಯ ದಿನ ಮಿತ್ರರು ನಮ್ಮನ್ನು ಊರಿನ ಅಂಗನವಾಡಿಗೆ ಕರೆದೊಯ್ದರು. ೧೯೭೫ನೆಯ ಅಕ್ಟೋಬರ್ ೨ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದಲ್ಲಿ ಪ್ರಾರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಮೊದಲು ಆರಿಸಿದುದು ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕನ್ನು. ಈಗ ಅಂಗನವಾಡಿಯಿಲ್ಲದ ಹಳ್ಳಿಯನ್ನು ಹುಡುಕಬೇಕು. ಇಲ್ಲಿಯದು ಹಂಚಿನ ಒಂದೇ ಕೋಣೆ, ಮುಂದೆ ಜಗಲಿ, ಹಿಂದೆ ಗೊಬ್ಬರದ ಗುಂಡಿ. ಗುಂಡಿಯ ಅಂಚಿನಿಂದ ಎದ್ದ ಬಳ್ಳಿ ಬೇಲಿಯನ್ನೆಲ್ಲ ಆಕ್ರಮಿಸಿ ಪಕ್ಕದ ಹಲಸಿನ ಮರಕ್ಕೂ ಕೈಚಾಚಿದ್ದಿತು. ಮಕ್ಕಳನ್ನು ನೋಡಿಕೊಳ್ಳುವಾಕೆ ನಲವತ್ತು ದಾಟಿದ ಗೃಹಸ್ಥೆ. ತಮ್ಮ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಬರೆಯಕೂಡದೆಂದು ಕೇಳಿಕೊಂಡುದರಿಂದ ನಾವು ಅವರನ್ನು ಟೀಚರು ಎಂದಷ್ಟೇ ಕರೆಯುವೆವು.

“ಆಟದ ಸಾಮಾನು ಒಂದು ಪೆಟ್ಟಿಗೆ ಬಂದಿತ್ತು ಮೇಷ್ಟ್ರೇ. ಅರ್ಧ ಮುರಿದು ಹೋಯ್ತು. ಈ ಬಳ್ಳಿ ಮಾತ್ರ ವರ್ಷಾ ಬರ್ತದೆ,” ಎಂದು ಅವರು ನಕ್ಕರು.

ಅಂದು ಜಗಲಿಯ ಮೇಲೆ ಮೂರು ಕಾಯಿಗಳಿದ್ದುವು. ಒಂದು ಮಗುವಿನ ತಲೆಯಷ್ಟು, ಒಂದು ಕೊಡದಷ್ಟು, ನಡುವಿನದೊಂದು. ಮಕ್ಕಳು ಸರದಿಯಂತೆ ಒಂದೊಂದನ್ನೂ ಅಪ್ಪಿ ಎತ್ತಿದರು. ಎತ್ತಲಾಗದುದನ್ನು ಇಬ್ಬರು ಸೇರಿ ಎತ್ತಿದರು. ಅದೂ ಆಗದಿದ್ದಾಗ ಉರುಳಿಸಿದರು. ಹೆಚ್ಚು ಭಾರ, ಕಡಿಮೆ ಭಾರ, ಇದಕ್ಕಿಂತ ಅದು ದೊಡ್ಡದು ಎಂಬ ಮಾತುಗಳು ಮೈಯೆಲ್ಲ ಬೆವರುತ್ತಿರುವಾಗ ತಾವಾಗಿಯೇ ಬಾಯಿಗೆ ಬರುತ್ತಿದ್ದುವು. ಅನಂತರ ಟೀಚರು ನೀರು ತುಂಬಿದ ದೊಡ್ಡ ಬಾನಿಯನ್ನು ತೋರಿಸಿ, ಈ ದೊಡ್ಡ ಕಾಯಿ ಮುಳುಗುವುದೋ ತೇಲುವುದೋ ಎಂದು ಕೇಳಿದರು. ಮುಳುಗುತ್ತದೆ ಎಂದು ಹನ್ನೊಂದು ಮಂದಿಯೂ ಕೂಗಿದರು. ನಮ್ಮ ಹುಡುಗನು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದನು. ಕಾಯಿ ತೇಲಿತು. ಆಮೇಲೆ ಒಂದು ಸಣ್ಣ ಆಲೂಗಡ್ಡೆಯನ್ನು ಹಾಕಿದರು. ಅದು ತಳ ಸೇರಿತು. ಮಕ್ಕಳು ಸುಮ್ಮನಾದರು. ಏಕೆ ಎಂದು ಟೀಚರು ವಿವರಿಸಲಿಲ್ಲ. ನಾವು ವಿವರಿಸಲು ಬಾಯಿ ತೆರೆದಾಗ ಕಣ್ಣಿನಿಂದಲೇ ತಡೆದರು. ನಾಲ್ಕು ದಿನಗಳ ಮೇಲೆ ಕಾಯಿಯನ್ನು ಕೊಯ್ದಾಗ, ಒಳಗಿನ ಪೊಳ್ಳನ್ನು ನೋಡಿ ಒಬ್ಬಳು ಹುಡುಗಿ, “ಇದರ ಹೊಟ್ಟೆ ಖಾಲಿ ಇತ್ತು, ಅದಕ್ಕೇ ತೇಲಿದ್ದು” ಎಂದಳು. ಆ ನಾಲ್ಕು ದಿನಗಳ ಕಾಲ ಪ್ರಶ್ನೆಯನ್ನು ಹಾಗೆಯೇ ಬಿಟ್ಟಿದ್ದುದೇ ಆ ಪಾಠ.

ಕಾಯಿಯ ಮೈಮೇಲಿನ ಏಣುಗಳನ್ನು ಎಣಿಸುವ ಆಟವು ನಮಗೆ ಎಲ್ಲಕ್ಕಿಂತ ಹಿಡಿಸಿತು. ಚೀನಿಕಾಯಿಯು ತೊಟ್ಟಿನಿಂದ ತಳದವರೆಗೆ ಏಣು ತೋಡುಗಳಾಗಿ ಇಳಿದಿರುವುದನ್ನು ಎಲ್ಲರೂ ಬಲ್ಲರು. ಒಬ್ಬ ಹುಡುಗನು ಬೆರಳಿಟ್ಟು ಎಣಿಸುತ್ತ ಹೋದನು: ಹದಿನಾಲ್ಕು, ಹತ್ತೊಂಬತ್ತು, ಇಪ್ಪತ್ತಮೂರು! ದುಂಡನೆಯ ವಸ್ತುವಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಅವನು ಸುತ್ತುತ್ತಲೇ ಇದ್ದನು. ಇನ್ನೊಬ್ಬಳಿಗೆ ಹದಿನೇಳು ಬಂದಿತು. ಮತ್ತೊಬ್ಬನಿಗೆ ಮೂವತ್ತು. ಮೂವರೂ ಜಗಳವಾಡಿದರು. ಟೀಚರು ಜಗಳವನ್ನು ಸ್ವಲ್ಪ ಹೊತ್ತು ಬೆಳೆಯಗೊಟ್ಟು, “ಎಲ್ಲಿಂದ ಹೊರಟಿದ್ದೆ, ಗೊತ್ತಾ ನಿಂಗೆ?” ಎಂದರು. ಗೊತ್ತಿರಲಿಲ್ಲ. ಆಗ ಆರು ವರ್ಷಕ್ಕೆ ಸಮೀಪದ ಹುಡುಗಿಯೊಬ್ಬಳು ಓಡಿಹೋಗಿ ಒಂದು ದಾಸವಾಳದ ಹೂವನ್ನು ತಂದು ಒಂದು ಏಣಿನ ಮೇಲೆ ಇಟ್ಟಳು. ಹೂವಿನಿಂದ ಹೊರಟು ಹೂವಿಗೆ ಬಂದಾಗ ನಿಲ್ಲಬೇಕು. ಎಲ್ಲರಿಗೂ ಹದಿನೈದೇ ಬಂದಿತು. ಹೂವನ್ನು ಬೇರೆ ಏಣಿನ ಮೇಲಿಟ್ಟರೆ? ಆಗಲೂ ಹದಿನೈದು. ಬಲದಿಂದ ಎಡಕ್ಕೆ ಬಂದರೆ? ಆಗಲೂ ಹದಿನೈದು. ಎಲ್ಲಿಂದ ಹೊರಟರೂ ಯಾವ ಕಡೆಗೆ ನಡೆದರೂ ಸಂಖ್ಯೆಯು ಬದಲಾಗದೆಂಬುದು ಗಣಿತಶಾಸ್ತ್ರದ ಒಂದು ದೊಡ್ಡ ಮಾತು. ಮೂವತ್ತೈದು ವರ್ಷ ತರಗತಿಗಳಲ್ಲಿ ನಿಂತಿದ್ದ ನಮಗೆ ಅದನ್ನು ಇಷ್ಟು ಅಗ್ಗವಾಗಿ ಕಲಿಸಿದುದನ್ನು ನೋಡಿದ ನೆನಪಿಲ್ಲ.

ಮರುದಿನ ಬೆಳಗ್ಗೆ ಏಳು ಗಂಟೆಗೇ ಬರಹೇಳಿದರು. ಚೀನಿಕಾಯಿಯ ಹೂವು ನಸುಕಿನಲ್ಲಿ ಅರಳಿ, ಬಿಸಿಲೇರುವ ಹೊತ್ತಿಗೆ ಮುದುಡುತ್ತದೆ. ಬಳ್ಳಿಯಲ್ಲಿ ಇನ್ನೂ ಕೆಲವು ಹೂಗಳು ಉಳಿದಿದ್ದುವು. ಉದ್ದ ತೊಟ್ಟಿನ ಮೇಲೆ ಬರಿದೆ ನಿಂತಿರುವುದು ಗಂಡುಹೂವು. ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯನ್ನು ಹೊತ್ತಿರುವುದು ಹೆಣ್ಣುಹೂವು. ಮೂರು ವರ್ಷದ ಮಗುವೂ ಇದನ್ನು ಬೆರಳು ತೋರಿ ಹೇಳುತ್ತಿದ್ದಿತು. ಶ್ರಾವಣದ ಜಡಿಮಳೆಯಲ್ಲಿ ಜೇನುಹುಳು ಹೊರಡದಿರುವುದರಿಂದ ಈ ಮರಿಕಾಯಿಗಳು ಹಳದಿಯಾಗಿ ಉದುರಿಹೋಗುವುವು. ಆಗ ಗಂಡುಹೂವೊಂದನ್ನು ಕಿತ್ತು, ದಳಗಳನ್ನು ಸುಲಿದು, ಅದರ ನಡುವಿನ ಹಳದಿಯ ಹುಡಿಯನ್ನು ಹೆಣ್ಣುಹೂವಿನ ನಡುವಿಗೆ ಮೆಲ್ಲಗೆ ಸವರಿದರೆ ಕಾಯಿ ನಿಲ್ಲುತ್ತದೆ. ಮಳೆಗಾಲದಲ್ಲಿ ಮಕ್ಕಳೇ ಇದನ್ನು ಮಾಡಿದರಂತೆ. ಮಿಕ್ಕ ಗಂಡುಹೂಗಳು ಅಡುಗೆಗೆ. ಎಲೆಯ ದಂಟು ಪೊಳ್ಳಾಗಿರುವುದರಿಂದ, ಮೇಲಿನ ಸುಂಕನ್ನು ಬಟ್ಟೆಯಿಂದ ಉಜ್ಜಿ ತೆಗೆದು, ಅದರ ಮೂಲಕ ನೀರಿಗೆ ಊದಿ ಗುಳ್ಳೆ ಎಬ್ಬಿಸುವುದು ಮಧ್ಯಾಹ್ನದ ಆಟ. ಉಸಿರನ್ನು ಹಿಡಿದು ಬಿಡುವ ಹತೋಟಿಯು ಮಾತಿನ ಸ್ಪಷ್ಟತೆಗೆ ಎಷ್ಟು ಮುಖ್ಯವೆಂಬುದನ್ನು ವೇದಪಾಠ ಹೇಳಿಸಿಕೊಂಡವರಿಗೆ ಹೇಳಬೇಕಾದುದಿಲ್ಲ.

ಬೇಲಿಯ ಮೇಲಿನ ಕಾಯಿಗಳಲ್ಲಿ ಒಂದು ವಿಶೇಷವನ್ನು ಕಂಡೆವು. ಪ್ರತಿಯೊಂದರ ಮೈಮೇಲೂ ಒಂದು ಹೆಸರು ಉಬ್ಬಿದ ಅಕ್ಷರಗಳಲ್ಲಿ ಮೂಡಿದ್ದಿತು. ಕಾಯಿಯು ಎಳೆಯ ತೆಂಗಿನಕಾಯಿಯಷ್ಟಿರುವಾಗ, ಬಿದಿರುಕಡ್ಡಿಯ ತುದಿಯಿಂದ ಮೇಲುಸಿಪ್ಪೆಯನ್ನು ಮಾತ್ರ ಗೀರಿ ಮಗುವಿನ ಹೆಸರನ್ನು ಬರೆಯುವರು. ಗಾಯವು ಮಾಗಿ ಬೂದುಬಣ್ಣದ ಗೆರೆಯಾಗುತ್ತದೆ. ಕಾಯಿ ಬೆಳೆದಂತೆ ಅಕ್ಷರವೂ ಬೆಳೆಯುತ್ತದೆ. ಅಕ್ಷರವನ್ನೇ ಅರಿಯದ ಮಗುವು ದಿನವೂ ಹೋಗಿ ತನ್ನ ಹೆಸರು ಇಂದು ಎಷ್ಟು ದೊಡ್ಡದಾಯಿತೆಂದು ದಾರವಿಟ್ಟು ಅಳೆದುಬರುವುದು. ದಾರಕ್ಕೆ ವಾರಕ್ಕೊಂದು ಗಂಟು. ಅಂಥ ಹನ್ನೊಂದು ದಾರಗಳು ಕೋಣೆಯ ಗೋಡೆಯ ಮೇಲೆ ತೂಗುತ್ತಿದ್ದುವು.

ಒಂದು ದಾರದಲ್ಲಿ ನಾಲ್ಕೇ ಗಂಟುಗಳಿದ್ದುವು. ಆ ಹುಡುಗನ ಕಾಯಿಯನ್ನು ಭಾದ್ರಪದದಲ್ಲಿ ಮಂಗಗಳು ತಿಂದುವಂತೆ. ಮಲೆನಾಡಿನ ರೈತನಿಗೆ ಮಂಗನ ಕಾಟವೆಂದರೆ ಏನೆಂಬುದನ್ನು ಅಲ್ಲಿ ಇದ್ದು ನೋಡಿದವರೇ ಬಲ್ಲರು. ಹೆಸರಿನ ಮೊದಲ ಅಕ್ಷರವೊಂದು ಉಳಿದಿದ್ದ ಹೋಳನ್ನು ಹುಡುಗನು ಎತ್ತಿಕೊಂಡು ಬಂದು ಕೊಡಲೊಪ್ಪದೆ ಅತ್ತನು. ಬೇರೆಯ ಕಾಯಿಯೊಂದಕ್ಕೆ ಅವನ ಹೆಸರನ್ನು ಬರೆದುಕೊಡಿರೆಂದು ತಾಯಿಯು ಹೇಳಿದಳು. ಟೀಚರು ಬರೆಯಲಿಲ್ಲ. ಆ ಹೋಳನ್ನು ಗೊಬ್ಬರದ ಗುಂಡಿಯ ಅಂಚಿನಲ್ಲಿ ಇಟ್ಟು, ದಿನವೂ ಅವನೊಂದಿಗೆ ಹೋಗಿ ನೋಡಿದರು. ಅದು ಮೆತ್ತಗಾಯಿತು, ಬೂಷ್ಟು ಬಂದಿತು, ನೊಣ ಬಂದುವು, ಹುಳುವಾಯಿತು, ಕೊನೆಗೆ ಮಣ್ಣಿನಂತೆ ಕಪ್ಪಾಯಿತು. ನಾವು ಹೋದಾಗ ಅದೇ ಜಾಗದಲ್ಲಿ ಎರಡೆರಡು ದಪ್ಪ ಎಲೆಯ ಆರು ಸಸಿಗಳು ಎದ್ದಿದ್ದುವು. ಹುಡುಗನು ನಮ್ಮನ್ನು ಕೈಹಿಡಿದು ಎಳೆದುಕೊಂಡು ಹೋಗಿ ತೋರಿಸಿದುದು ಬೇಲಿಯ ದೊಡ್ಡ ಕಾಯಿಗಳನ್ನಲ್ಲ, ಈ ಆರು ಸಸಿಗಳನ್ನು. ಚಳಿಗಾಲ ಬರುತ್ತಿರುವುದರಿಂದ ಅವು ಕಾಯಿ ಬಿಡುವ ಭರವಸೆಯಿಲ್ಲವೆಂದು ಟೀಚರು ನಮಗೆ ಮೆಲ್ಲಗೆ ಹೇಳಿದರು. ಅವನಿಗೂ ಹೇಳಿದ್ದರಂತೆ.

ಏಳನೆಯ ದಿನ ಕಾಯಿಯನ್ನು ಕೊಯ್ದರು. ಕತ್ತಿಯ ಕೆಲಸ ಟೀಚರದು, ಉಳಿದುದೆಲ್ಲ ಮಕ್ಕಳದು. ನಮ್ಮ ಹುಡುಗನು ಒಳಗಿನ ಅಂಟು ನಾರನ್ನು ಕಂಡು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತನು. ಯಾರೂ ಅವನನ್ನು ಬಲವಂತಪಡಿಸಲಿಲ್ಲ. ಹತ್ತು ನಿಮಿಷ ನಿಂತನು; ಆಮೇಲೆ ಒಂದು ಬೆರಳನ್ನು ಇಟ್ಟನು; ಆಮೇಲೆ ಮೊಣಕೈವರೆಗೆ. ಬೀಜಗಳನ್ನು ತೊಳೆದು ಅಡಕೆಯ ಹಾಳೆಯ ಮೇಲೆ ಹರವಿ, ಇಬ್ಬಿಬ್ಬರಾಗಿ ಕುಳಿತು ಹತ್ತು ಹತ್ತರ ಗುಡ್ಡೆ ಮಾಡಬೇಕು. ಒಬ್ಬರು ಇಡುವವರು, ಇನ್ನೊಬ್ಬರು ನೋಡುವವರು. ನಮ್ಮವನ ಪಾಲಿಗೆ ಬಂದ ನೋಡುವವಳು ನಾಲ್ಕು ವರ್ಷದ ಒಂದು ಚೋಟುದ್ದದ ಹುಡುಗಿ. ನೂರರವರೆಗೆ ಅವಳಿಗೆ ಬಾರದು, ಹನ್ನೆರಡರ ಮೇಲೆಯೇ ತಡವರಿಸುವಳು. ಆದರೆ ಅವನು ಹಿಡಿಯಾಗಿ ಸುರಿದ ಕೂಡಲೇ, “ಅಲ್ಲ, ಹೆಚ್ಚಾಯ್ತು” ಎಂದು ಎರಡನ್ನು ಹಿಂದಕ್ಕೆ ತಳ್ಳುವಳು. ಅವನಿಗೆ ಕೋಪ ಬಂದಿತು. ನೂರರವರೆಗೆ ಒಂದೇ ಉಸಿರಿನಲ್ಲಿ ಹೇಳಿ ತೋರಿಸಿದನು. ಅವಳು ಕೇಳಿ ಮುಗಿಸಿ, ಮತ್ತೆ ಆ ಎರಡನ್ನು ಹಿಂದಕ್ಕೆ ತಳ್ಳಿದಳು. ಒಂದು ಕಾಯಿಯಲ್ಲಿ ಒಟ್ಟು ಬೀಜ ೪೩೭. ಹತ್ತು ಗುಡ್ಡೆಗೆ ಒಂದು ದೊಣ್ಣೆ, ನಾಲ್ಕು ದೊಣ್ಣೆ, ಮೂರು ಗುಡ್ಡೆ, ಬಿಡಿ ಏಳು. ಸ್ಥಾನಬೆಲೆಯು ಅಲ್ಲಿ ಹಾಳೆಯ ಮೇಲೆ ಕಣ್ಣಿಗೆ ಕಾಣುವಂತಿದ್ದಿತು. ಐದರೊಳಗಿನವರಿಗೆ ಇದು ತಿಳಿಯಿತೆಂದು ನಾವು ಹೇಳೆವು; ದೊಡ್ಡವರಿಬ್ಬರಿಗೆ ತಿಳಿಯಿತು.

ಮುಂದಿನ ಆರು ದಿನ ಮಿತ್ರರ ಮನೆಯ ಜಗಲಿಯಲ್ಲಿಯೂ ಇದೇ ಆಟ. ನಾವು ಮಾಡಿದುದು ಪಕ್ಕದಲ್ಲಿ ಕುಳಿತುದೊಂದೇ. ಕಡೆಯಲ್ಲಿ ನಮ್ಮ ಹುಡುಗನು ಏಳು ಕೊಡೆಂದರೆ ಏಳನ್ನೂ ಒಂಬತ್ತು ಕೊಡೆಂದರೆ ಒಂಬತ್ತನ್ನೂ ಕೊಡುವವನಾದನು. ಹನ್ನೆರಡರ ಮೇಲೆ ಇನ್ನೂ ಜಾರುತ್ತಾನೆ. ಮಗಳಿಗೆ ದೂರವಾಣಿಯಲ್ಲಿ ಹೀಗೆಯೇ ತಿಳಿಸಿದೆವು. “ಆ ಪೆಟ್ಟಿಗೆ ಅಪ್ಪ?” ಎಂದು ಕೇಳಿದಳು. ಪೆಟ್ಟಿಗೆಯನ್ನು ಬಿಚ್ಚಿರಲಿಲ್ಲ.

ಆಟಿಕೆಗಳನ್ನು ನಾವು ದ್ವೇಷಿಸುತ್ತೇವೆಂದು ಯಾರೂ ಭಾವಿಸಬಾರದು. ಜರ್ಮನಿಯ ಫ್ರೋಬೆಲ್ ಮಹಾಶಯನು ೧೮೩೭ರಲ್ಲಿ ತನ್ನ ಶಿಶುಶಾಲೆಯನ್ನು ತೆರೆದಾಗ ಮಗುವಿನ ಕೈಗೆ ಮೊದಲು ಕೊಡಬೇಕೆಂದುದು ಚೆಂಡನ್ನು. ಭಾವನಗರದಲ್ಲಿ ಗಿಜುಭಾಯಿಯವರು ೧೯೨೦ರಲ್ಲಿ ಬಾಲಮಂದಿರವನ್ನು ಪ್ರಾರಂಭಿಸಿದರು. ಮಾಂಟೆಸ್ಸೊರಿ ತಾಯಿಯು ೧೯೩೯ರಲ್ಲಿ ಮದರಾಸಿಗೆ ಬಂದು ನಮ್ಮ ಉಪಾಧ್ಯಾಯರಿಗೆ ತರಬೇತು ಕೊಟ್ಟರು. ಇವರ ಉಪಕರಣಗಳೆಲ್ಲವೂ ತೂಗಿ ಅಳೆದು ಮಾಡಿದವು, ಉತ್ತಮವಾದವು. ಕೊಳ್ಳಬಲ್ಲವರು ಕೊಳ್ಳಲಿ. ಆದರೆ ಮರದ ಚೆಂಡು ನಿನ್ನೆಗಿಂತ ಇಂದು ದೊಡ್ಡದಾಗದು, ಕೊಳೆಯದು, ಮೊಳೆಯದು, ಕಡುಬೂ ಆಗದು. ಸಾಗರದ ಸಂತೆಯಲ್ಲಿ ನಾಲ್ಕು ಕಿಲೋ ತೂಕದ ಚೀನಿಕಾಯಿಗೆ ನಾವು ತೆತ್ತುದು ೮೦ ರೂಪಾಯಿ. ಎರಡು ದಿನ ಮಗುವಿನ ಆಟವಾಗಿ ಮೂರನೆಯ ದಿನ ಹುಳಿಯಾಯಿತು.

ಬೂದುಗುಂಬಳವನ್ನು ಮರೆಯಲಾಗದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯನ್ನು ನಾವೆಲ್ಲರೂ ಆಡುವೆವು. ಪಟ್ಟಣದ ಮಕ್ಕಳಿಗೆ ಇದು ಅರ್ಥವಾಗದ ಮಾತು: ಕಳ್ಳನು ಹೆಗಲನ್ನೇ ಏಕೆ ಮುಟ್ಟಬೇಕು? ಮಿತ್ರರು ಅಟ್ಟದಿಂದ ಬಲಿತ ಬೂದುಗುಂಬಳವೊಂದನ್ನು ಇಳಿಸಿ ಹುಡುಗನ ಹೆಗಲ ಮೇಲೆ ಒಂದು ಕ್ಷಣ ಇಟ್ಟು ತೆಗೆದರು. ಅಂಗಿಯ ಮೇಲೆ ಬಿಳಿಯ ಬೂದಿ! ಆಮೇಲೆ ಗಾದೆಯನ್ನು ಹೇಳಿದರು. ಹುಡುಗನು ನಕ್ಕು, ದಿನವಿಡೀ ಮನೆಯವರೆಲ್ಲರ ಹೆಗಲನ್ನು ಪರೀಕ್ಷಿಸುತ್ತ ತಿರುಗಿದನು. ಆ ಬೂದಿಯು ಒಂದು ಬಗೆಯ ಮೇಣ. ಒಳಗಿನ ನೀರನ್ನು ಹೊರಬಿಡದೆ ಕಾಯಿಯನ್ನು ತಿಂಗಳುಗಟ್ಟಲೆ ಕಾಪಾಡುವುದು ಅದೇ.

ಇದೇ ಕೂಷ್ಮಾಂಡಕ್ಕೆ ಪಟ್ಟಣಗಳಲ್ಲಿ ಆಯುಧಪೂಜೆಯಂದು ಒದಗುವ ಗತಿಯನ್ನೂ ಹೇಳದೆ ಇರಲಾರೆವು. ಒಳಗೆ ಕುಂಕುಮವನ್ನೂ ನಾಣ್ಯವನ್ನೂ ತುಂಬಿ ನಡುರಸ್ತೆಯಲ್ಲಿ ಒಡೆಯುವರು. ಹೋಳಿನ ಮೇಲೆ ಚಕ್ರ ಜಾರಿ ಸವಾರರು ಬೀಳುವರು. ನಾಣ್ಯಕ್ಕಾಗಿ ಎಳೆಯ ಮಕ್ಕಳು ವಾಹನಗಳ ನಡುವೆ ನುಗ್ಗುವರು. ದೃಷ್ಟಿ ತೆಗೆಯಲು ಬೀದಿಯ ಅಂಚು ಸಾಲದೆ? ಒಡೆದ ಹೋಳನ್ನು ಕೂಡಲೇ ಗುಡಿಸಿ ತೆಗೆಯಲು ಯಾವ ಶಾಸ್ತ್ರವೂ ಅಡ್ಡಬಾರದು.

ಮನೆಯಲ್ಲಿ ಇದನ್ನೆಲ್ಲ ಮಾಡಿಸುವವರಿಗೆ ಎರಡು ಮೂರು ಎಚ್ಚರಿಕೆಗಳು. ಮೂರು ತುಂಬದ ಮಗುವಿನ ಕೈಗೆ ಬೀಜಗಳನ್ನು ಕೊಡಬಾರದು. ಗಂಟಲಿಗೋ ಮೂಗಿಗೋ ಹೋದರೆ ಅಪಾಯ. ಕತ್ತಿಯ ಹತ್ತಿರಕ್ಕೆ ಯಾವ ಮಗುವನ್ನೂ ಬಿಡಬಾರದು. ಚೀನಿಕಾಯಿಯ ಸಿಪ್ಪೆ ಗಟ್ಟಿಯಾಗಿದ್ದು ಕತ್ತಿ ಜಾರುವುದು ಸುಲಭ. ಕೊಯ್ದ ಕಾಯಿಯ ಚೂರೊಂದನ್ನು ದೊಡ್ಡವರು ನಾಲಗೆಗೆ ಇಟ್ಟು ನೋಡಿ, ಕಹಿಯಿದ್ದರೆ ಇಡಿಯ ಕಾಯಿಯನ್ನೇ ಎಸೆಯತಕ್ಕುದು. ಬೇಯಿಸಿದರೂ ಆ ವಿಷ ಹೋಗದು. ಇನ್ನೊಂದು: ಮಗುವನ್ನು ಕಾಯಿಯ ಮುಂದೆ ಕೂರಿಸಿ ನಾವು ಒಳಗೆ ಹೋಗಿಬಿಟ್ಟರೆ ಏನೂ ಆಗುವುದಿಲ್ಲ. ಅಜ್ಜನಾಗಲಿ ಅಜ್ಜಿಯಾಗಲಿ ಪಕ್ಕದಲ್ಲಿ ಚಾಪೆಯ ಮೇಲೆ ಇರಬೇಕು, ಕೇಳಿದುದಕ್ಕೆ ಉತ್ತರ ಕೊಡಬೇಕು, ಕೇಳದುದಕ್ಕೆ ಬಾಯಿ ಮುಚ್ಚಿಕೊಂಡಿರಬೇಕು. ನಮ್ಮಂಥ ಉಪಾಧ್ಯಾಯರಿಗೆ ಕಡೆಯದೇ ಕಷ್ಟ.

ನರಕಚತುರ್ದಶಿಯ ಹಿಂದಿನ ದಿನ ಟೀಚರು ಪ್ರತಿಯೊಂದು ಮಗುವಿಗೂ ಹತ್ತು ಬೀಜಗಳನ್ನು ಹಂಚಿದ್ದರು. ನಮ್ಮ ಹುಡುಗನಿಗೂ ಬಂದಿತು. ಕೊಡುವ ಕೆಲಸವನ್ನು ಮಂಗನಿಗೆ ಕಾಯಿ ಸೋತ ಹುಡುಗನಿಗೆ ವಹಿಸಿದ್ದರು. ಬೀಜವನ್ನು ತೊಳೆದು, ನೆರಳಿನಲ್ಲಿ ಐದಾರು ದಿನ ಆರಿಸಿ, ಒಲೆಯ ಬೂದಿಯಲ್ಲಿ ಹೊರಳಿಸಿ, ಬಟ್ಟೆಯಲ್ಲಿ ಕಟ್ಟಿ ಬೆಚ್ಚಗಿನ ಕಡೆ ಇಟ್ಟರೆ ಮುಂದಿನ ಮಳೆಗಾಲದವರೆಗೂ ಕೆಡುವುದಿಲ್ಲ. ಮುಂಗಾರಿನ ಮೊದಲ ಎರಡು ಮೂರು ಮಳೆ ಬಿದ್ದ ಮೇಲೆ, ಮೊಳದುದ್ದ ಮೊಳದಗಲದ ಗುಂಡಿ ತೆಗೆದು, ಹಳೆಯ ಸಗಣಿಗೊಬ್ಬರ ತುಂಬಿ, ಬೆರಳಿನ ಒಂದು ಗಿಣ್ಣಿನಷ್ಟು ಆಳಕ್ಕೆ ಗುಂಡಿಗೆ ಮೂರು ಬೀಜದಂತೆ ಊರಬೇಕು. ಒಂದು ವಾರದಲ್ಲಿ ಮೊಳೆಯುವುದು. ಹಿತ್ತಿಲಿಲ್ಲದವರು ಗೊಬ್ಬರದ ಚೀಲದಲ್ಲಿಯೋ ಹಳೆಯ ಪೀಪಾಯಿಯಲ್ಲಿಯೋ ಹಾಕಬಹುದು. ಆದರೆ ಬಳ್ಳಿಗೆ ಹತ್ತು ಹನ್ನೆರಡು ಅಡಿ ಹಬ್ಬಲು ಜಾಗ ಬೇಕು. ತಾರಸಿಯ ಕಂಬಿಸಾಲಾದರೂ ಆದೀತು.